ಕಾಗೆಗೇ ಹುಷಾರಿಲ್ಲದ ಚಳಿಗಾಲ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಶ್ಯಾಂಟಿಲಿಯ ಈ ಪಾರ್ಕಿನ ಕೊಳ ದಡದುದ್ದಕ್ಕೂ ಹೆಪ್ಪುಗಟ್ಟಿದೆ. ನಡುವೆ ಮಾತ್ರ ಒಂದಿಷ್ಟು ನೀರು ಕಪ್ಪಗೆ ಉಳಿದಿದೆ. ಅದರ ಸುತ್ತ ಹೆಬ್ಬಾತುಗಳು ಮಂಜುಗಡ್ಡೆಯ ಮೇಲೆಯೇ ಮುದುರಿ ಕೂತಿವೆ. ದಡದಲ್ಲಿ ಕನೀಜ್ ನಿಂತಿದ್ದಾರೆ. ಮೇಲೆ ಕಿತ್ತಳೆ ಬಣ್ಣದ ಜಾಕೆಟ್, ಒಳಗೆ ಎರಡು ಸ್ವೆಟರ್, ತಲೆಗೆ ಸ್ಕಾರ್ಫ್, ಅದರ ಮೇಲೊಂದು ಉಣ್ಣೆಯ ಟೋಪಿ, ಮೂಗಿಗೆ ಬಾಯಿಗೆ ಮಾಸ್ಕ್. ಕಾಣುವುದು ಕಣ್ಣು ಮಾತ್ರ. ಆ ಕಣ್ಣು ಒಂದು ಹಕ್ಕಿಯ ಮೇಲೆ ಸ್ವಲ್ಪ ಹೊತ್ತು ನಿಂತು ಇನ್ನೊಂದಕ್ಕೆ ಹೋಗುತ್ತದೆ.

"ಬಲಗಡೆ ನೋಡು, ಕೊನೇಲಿ," ಎನ್ನುತ್ತಾರೆ. ನೋಡುತ್ತೇನೆ. ಅವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ಬಂದಿರುವ ನನಗೆ ಎಲ್ಲ ಹೆಬ್ಬಾತುಗಳೂ ಒಂದೇ. ಈ ಚಳಿಯಲ್ಲಿ ನನ್ನ ಗಮನವೆಲ್ಲ ಕಾಲ್ಬೆರಳುಗಳ ಮೇಲಿದೆ, ಅವು ಇನ್ನೂ ಇವೆಯೋ ಇಲ್ಲವೋ ಎಂದು.

"ಎಲ್ಲಾ ಗಾಳಿಗೆ ಮುಖ ಕೊಟ್ಟು ಕೂತಿವೆ. ಅದೊಂದು ಬೆನ್ನು ಕೊಟ್ಟು ಕೂತಿದೆ. ಹುಷಾರಿಲ್ವೇನೋ. ಇರು, ಸ್ವಲ್ಪ ಹೊತ್ತು ನೋಡೋಣ. ಬರೀ ನಿದ್ದೆಗಣ್ಣಲ್ಲಿದ್ರೂ ಇರ್ಬಹುದು, ನನ್ ಹಾಗೆ."

ಕಾಯುತ್ತೇವೆ. ನಾನು ಕುಣಿಯುತ್ತ ಕಾಯುತ್ತೇನೆ, ಅವರು ಅಲ್ಲಾಡದೆ ಕಾಯುತ್ತಾರೆ. ಕೊನೆಗೂ ಆ ಹಕ್ಕಿ ಕತ್ತೆತ್ತಿ, ಮೈ ಕೊಡವಿ, ಪಕ್ಕದವಳನ್ನು ಕುಕ್ಕಿ ಜಾಗ ಮಾಡಿಕೊಳ್ಳುತ್ತದೆ. "ಅಬ್ಬಾ, ಜಗಳ ಆಡ್ತಿದೆ. ಚೆನ್ನಾಗಿದೆ ಹಾಗಾದ್ರೆ," ಎಂದು ಕನೀಜ್ ಮುಂದಕ್ಕೆ ಹೆಜ್ಜೆ ಹಾಕುತ್ತಾರೆ.

ಕನೀಜ್ ಈ ಪಾರ್ಕಿನ ಕೆಲಸದವರು. ಹಾದಿಯ ಮಂಜಿಗೆ ಉಪ್ಪು ಎರಚುವುದು, ಕಸದ ಡಬ್ಬಿ ಖಾಲಿ ಮಾಡುವುದು, ಮೇಜು ಬೆಂಚು ತೊಳೆಯುವುದು ಅವರ ಕೆಲಸ. ಈ ಚಳಿಗಾಲ ಅದರ ಮೇಲೆ ಇನ್ನೊಂದು ಸೇರಿದೆ. ಹಕ್ಕಿ ಜ್ವರ ಬಂದಿರುವುದರಿಂದ ದಿನಾ ಬೆಳಗ್ಗೆ ಕೊಳ ಸುತ್ತಿ, ಯಾವ ಹಕ್ಕಿ ಸತ್ತಿದೆ, ಯಾವುದು ಸಾಯುವ ಹಾಗಿದೆ ಎಂದು ನೋಡಿ ತಿಳಿಸಬೇಕು. ನರಳುತ್ತಿರುವುದನ್ನು ಮುಟ್ಟುವಂತಿಲ್ಲ, ಫೋನ್ ಮಾಡಬೇಕು. ಸತ್ತದ್ದನ್ನು ಗ್ಲೌಸ್ ಹಾಕಿಕೊಂಡು ಎತ್ತಿ, ಒಂದರೊಳಗೊಂದು ಚೀಲಕ್ಕೆ ತುಂಬಿ ಬಾಯಿ ಕಟ್ಟಬೇಕು. ಆಮೇಲೆ ಬೂಟು ತೊಳೆದುಕೊಳ್ಳಬೇಕು. ಆ ನೀರು ಬೂಟಿನ ಮೇಲೆಯೇ ಹೆಪ್ಪುಗಟ್ಟುತ್ತದೆ.

ಅಷ್ಟರಲ್ಲಿ ಪಕ್ಷಿಪ್ರೇಮಿಗಳ ಕಾರುಗಳು ಬರತೊಡಗುತ್ತವೆ. ಒಬ್ಬೊಬ್ಬರ ಹೆಗಲಿಗೂ ಮೊಣಕೈಯುದ್ದದ ಲೆನ್ಸು, ಕೈಯಲ್ಲಿ ಹಬೆಯಾಡುವ ಕಾಫಿ. ಒಳ್ಳೆಯ ಜನ, ನಗುತ್ತಾ ಗುಡ್ ಮಾರ್ನಿಂಗ್ ಹೇಳುತ್ತಾರೆ. ದೂರದ ಪೊದೆಯಲ್ಲಿ ಕೆಂಪು ಕಾರ್ಡಿನಲ್ ಹಕ್ಕಿ ಕಂಡರೆ ಉಸಿರು ಬಿಗಿ ಹಿಡಿದು ನಿಲ್ಲುತ್ತಾರೆ. ಯಾರೂ ಸಂಬಳ ಕೊಡದೆ, ರಜಾ ದಿನ, ಈ ಕೊರೆಯುವ ಚಳಿಯಲ್ಲಿ ಮನುಷ್ಯರು ತಾವಾಗಿಯೇ ಏಳುತ್ತಾರೆಂದರೆ ನನಗೆ ಈಗಲೂ ನಂಬಿಕೆ ಬರುವುದಿಲ್ಲ.

"ಅವರೂ ಹಕ್ಕಿ ನೋಡೋಕೆ ಬರ್ತಾರೆ, ನಾನೂ ಹಕ್ಕಿ ನೋಡೋಕೆ ಬರ್ತೀನಿ," ಎನ್ನುತ್ತಾರೆ ಕನೀಜ್. "ಅವರಿಗೆ ಏನಾದ್ರೂ ಸಿಕ್ಕಿದ್ರೆ ಖುಷಿ. ನಂಗೆ ಏನೂ ಸಿಗ್ದೇ ಇದ್ರೆ ಖುಷಿ."

ಮೈಸೂರಿನ ಮಂಡಿ ಮೊಹಲ್ಲಾದವರು ಕನೀಜ್. ಕನ್ನಡ ಮೀಡಿಯಂ ಶಾಲೆ, ಆಮೇಲೆ ಬಿ.ಕಾಂ., ಸತ್ತಾರ್ ಅವರ ಜೊತೆ ಮದುವೆ, ಗಂಡನ ಸಾಫ್ಟ್‌ವೇರ್ ಕೆಲಸದ ಹಿಂದೆ ಈ ದೇಶ. ೨೦೨೦ರಲ್ಲಿ ಆ ಕೆಲಸ ಹೋಯಿತು. ಸತ್ತಾರ್ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ದಿನವಿಡೀ ಅಪ್ಲೈ ಮಾಡುತ್ತಿದ್ದಾಗ, ಕನೀಜ್ ಒಂದು ಕಡೆ ಮಾತ್ರ ಅಪ್ಲೈ ಮಾಡಿದರು. ಕೊರೋನಾ ಹೆದರಿಕೆಗೆ ಊರವರೆಲ್ಲ ಮಾಲ್ ಬಿಟ್ಟು ಪಾರ್ಕಿಗೆ ಬಂದು ತುಂಬಿದ್ದ ಕಾಲ. ಪಾರ್ಕ್ ಚೊಕ್ಕಟ ಮಾಡಲು ಜನ ಸಿಗುತ್ತಿರಲಿಲ್ಲ.

"ಯಾರೂ ಬರೋಕೆ ರೆಡಿ ಇರ್ಲಿಲ್ಲ, ಅದಕ್ಕೆ ನನ್ನ ತಗೊಂಡ್ರು. ನಾಲ್ಕು ತಿಂಗಳು ಮಾಡಿ ಬಿಡೋಣ ಅಂದ್ಕೊಂಡಿದ್ದೆ. ಆಮೇಲೆ ಇವರಿಗೆ ಪಕ್ಕದೂರು ಸ್ಟರ್ಲಿಂಗಿನ ಡೇಟಾ ಸೆಂಟರ್‌ನಲ್ಲಿ ಕೆಲಸ ಸಿಕ್ತು. ಬಿಡು ಅಂದ್ರು. ನಾನೇ ಬಿಡ್ಲಿಲ್ಲ."

ಯಾಕೆ ಆಂಟಿ, ಎಂದರೆ ಭುಜ ಕುಣಿಸುತ್ತಾರೆ. "ಅಭ್ಯಾಸ ಆಗ್ಬಿಡ್ತಮ್ಮಾ. ಮನೇಲಿ ಕೂತ್ರೆ ಯಾರ ಮುಖ ನೋಡ್ಲಿ? ಮಗಳು ಆಫ್ರೀನ್‌ಗೆ 'ಊಟ ಮಾಡಿದ್ಯಾ' ಅಂದ್ರೆ 'ಐಯಾಮ್ ಗುಡ್' ಅಂತಾಳೆ. ಇದ್ಯಾವ ಉತ್ತರ ಹೇಳು! ಅವಳಿಗಿಂತ ಈ ಬಾತುಕೋಳಿಗಳೇ ಎಷ್ಟೋ ವಾಸಿ, ಹಸಿದ್ರೆ ಬಾಯಿ ಬಿಟ್ಟು ಹೇಳ್ತವೆ."

ನಗಿಸಲೆಂದು ಹೇಳಿದ ಮಾತು. ಆದರೆ ಈ ಚಳಿಗಾಲ ಕನೀಜ್ ಬಹಳ ಸುಸ್ತಾಗಿದ್ದಾರೆ. ನಡೆಯುವಾಗ ಎಡಗಾಲು ಎಳೆಯುತ್ತಾರೆ. ಮಾತಿನ ನಡುವೆ ಪಾರ್ಕಿಂಗ್ ಲಾಟಿನ ಕಡೆ ತಿರುಗಿ ತಿರುಗಿ ನೋಡುತ್ತಾರೆ. ಯಾರಾದರೂ ಬರುವವರಿದ್ದಾರೆಯೇ ಎಂದು ಕೇಳಿದೆ. "ಇಲ್ಲ, ಯಾರೂ ಇಲ್ಲ," ಎಂದರು. ಎರಡನೇ ಸುತ್ತಿನಲ್ಲಿ, ತಾವಾಗಿಯೇ ಹೇಳಿದರು.

ಕೊಳದ ಆಚೆ ದಡದಲ್ಲಿ ಬಿಳಿ ತೊಗಟೆಯ ಒಂದು ದೊಡ್ಡ ಸಿಕಮೋರ್ ಮರವಿದೆ. ಅದರ ಕೆಳಗೊಂದು ಮರದ ಮೇಜು. ಕೆಲವು ವರ್ಷಗಳ ಹಿಂದೆ, ಇಂಥದೇ ಒಂದು ಜನವರಿಯ ಬೆಳಗ್ಗೆ, ಕನೀಜ್ ಬಂದು ನೋಡಿದರೆ ಆ ಮೇಜಿನ ಮೇಲೆ ಅಗಲವಾದ ಹಸಿರು ಎಲೆಗಳು, ಎಲೆಗಳ ಮೇಲೆ ಸಾಲಾಗಿ ಅನ್ನದ ಪುಟ್ಟ ಉಂಡೆಗಳು. ಕೆಲವು ಹಳದಿ, ಕೆಲವು ಕೆಂಪು, ಕೆಲವು ಬಿಳಿ.

"ಯಾವ್ದೋ ಮಕ್ಕಳು ಪೇಂಟ್ ಕಲೆಸಿ ಆಟ ಆಡಿದಾವೆ ಅಂದ್ಕೊಂಡೆ. ಎಲ್ಲಾ ಬಳಿದು ಡಬ್ಬಿಗೆ ಹಾಕಿ, ಟೇಬಲ್ ಉಜ್ಜೋಕೆ ಶುರು ಮಾಡಿದೆ. ಅಷ್ಟರಲ್ಲಿ ಕಾರಿಂದ ಒಬ್ಬರು ಇಳಿದು ಓಡಿ ಬಂದ್ರು ನೋಡು! ಶಾಲು ಒಂದು ಕಡೆ, ಚಪ್ಪಲಿ ಒಂದು ಕಡೆ. 'ವಾಟ್ ಆರ್ ಯೂ ಡೂಯಿಂಗ್' ಅಂತ ಶುರು ಮಾಡಿದವ್ರು, ಕೋಪ ಏರ್ತಾ ಏರ್ತಾ ಕನ್ನಡಕ್ಕೇ ಬಂದ್ಬಿಟ್ರು. 'ಅಯ್ಯಯ್ಯೋ, ಅದು ಕನು ಕಣ್ರೀ, ಕನು' ಅಂತ. ನಾನು ಏನ್ ಹೇಳ್ಬೇಕೋ ಗೊತ್ತಾಗ್ದೆ 'ಮೈಸೂರಾ?' ಅಂದೆ. ಬಾಯಿ ತೆಗೆದವ್ರು ಹಾಗೇ ನಿಂತ್ಬಿಟ್ರು."

ಅವರೇ ಅಲಮೇಲು. ಸರಸ್ವತಿಪುರಂನವರು, ಶ್ಯಾಂಟಿಲಿಯಲ್ಲೇ ಒಂದು ಐಟಿ ಕಂಪನಿಯಲ್ಲಿ ವೀಸಾ ಮೇಲೆ ಕೆಲಸ. ಸಂಕ್ರಾಂತಿಯ ಮರುದಿನ ಅಯ್ಯಂಗಾರರ ಮನೆಗಳಲ್ಲಿ ಹೆಣ್ಣುಮಕ್ಕಳು ಕನು ಇಡುತ್ತಾರೆ. ಸ್ನಾನಕ್ಕೂ ಮುಂಚೆ ಎದ್ದು, ಹಿಂದಿನ ದಿನದ ಅನ್ನಕ್ಕೆ ಅರಿಶಿನ ಕುಂಕುಮ ಕಲೆಸಿ, ಉಂಡೆ ಮಾಡಿ, ಅರಿಶಿನದ ಎಲೆಯ ಮೇಲಿಟ್ಟು ಕಾಗೆಗಳನ್ನು ಕರೆಯುತ್ತಾರೆ. ಅಣ್ಣತಮ್ಮಂದಿರು ತಣ್ಣಗಿರಲಿ ಎಂದು ಬೇಡಿಕೊಳ್ಳುತ್ತಾರೆ. ಅಲಮೇಲು ಅವರಿಗೆ ಇರುವುದು ಒಬ್ಬನೇ ಅಣ್ಣ, ತ್ಯಾಗರಾಜ. ಇಲ್ಲಿ ಅರಿಶಿನದ ಎಲೆ ಎಲ್ಲಿಂದ ಬರಬೇಕು? ಕೊಲಾರ್ಡ್ ಸೊಪ್ಪಿನ ದೊಡ್ಡ ಎಲೆಯಲ್ಲೇ ಸುಧಾರಿಸಿದ್ದರು. ಅವರ ಮನೆಯ ಹಿಂದಿನ ಮರದ ಜಗಲಿಗೆ ಅಳಿಲು ಬಿಟ್ಟರೆ ಯಾರೂ ಬರುವುದಿಲ್ಲವಂತೆ. ಅದಕ್ಕೇ ಕಾಗೆ ಹುಡುಕಿಕೊಂಡು ಪಾರ್ಕಿಗೆ ಬಂದಿದ್ದರು.

"ನಂಗೆ ಅಳುವೇ ಬಂದ್ಬಿಡ್ತು. ಅಣ್ಣನ ಹೆಸರಲ್ಲಿ ಇಟ್ಟ ಅನ್ನ ಕಸಕ್ಕೆ ಹಾಕ್ಬಿಟ್ನಲ್ಲಾ ಅಂತ. ಅಷ್ಟರಲ್ಲಿ ದಢಾರ್ ಅಂತ ಸದ್ದು. ತಿರುಗಿ ನೋಡಿದ್ರೆ ಕಾಗೆ ಡಬ್ಬಿ ಒಳಗೆ! ಹಳದಿ ಉಂಡೆ ಕಚ್ಕೊಂಡು ಹೊರಗೆ ಬಂತು. ಹಿಂದೆ ಇನ್ನೊಂದು. ಅಲಮೇಲು ಅವ್ರು ನಕ್ಕಿದ್ದು ನಕ್ಕಿದ್ದೇ. 'ತಲುಪ್ತಲ್ಲ ಬಿಡಿ, ಅಷ್ಟು ಸಾಕು' ಅಂದ್ರು."

ಅಂದಿನಿಂದ ಅದು ಇಬ್ಬರ ಹಬ್ಬವಾಯಿತು. ಪಾರ್ಕಿನಲ್ಲಿ ಹಕ್ಕಿಗಳಿಗೆ ತಿನ್ನಿಸಬಾರದೆಂಬ ಬೋರ್ಡು ಮೊದಲಿನಿಂದಲೂ ಇದೆ. ಕನುವಿನ ಬೆಳಗ್ಗೆ ಮಾತ್ರ ಕನೀಜ್‌ಗೆ ಆ ಮೇಜು ಕಾಣುತ್ತಿರಲಿಲ್ಲ. ಬೇರೆಲ್ಲ ತೊಳೆದು, ಉಪ್ಪು ಎರಚಿ, ಕೊನೆಯಲ್ಲಿ, ಕಾಗೆಗಳ ಊಟ ಮುಗಿದ ಮೇಲೆ, ಅಲ್ಲಿಗೆ ಬರುತ್ತಿದ್ದರು. ಅಲಮೇಲು ಬೇರೆ ಡಬ್ಬಿಯಲ್ಲಿ ಸಕ್ಕರೆ ಅಚ್ಚು, ಎಳ್ಳು ಬೆಲ್ಲ ತಂದು ಕೊಡುತ್ತಿದ್ದರು. ಹೀಟರ್ ಹಾಕಿದ ಕಾರಿನಲ್ಲಿ ಇಬ್ಬರೂ ಕೂತು ಮೈಸೂರಿನ ಸುದ್ದಿ ಮಾತಾಡುತ್ತಿದ್ದರು. ವರ್ಷಕ್ಕೊಂದು ಸಲ, ಅಷ್ಟೇ. ನಡುವೆ ಫೋನೂ ಇಲ್ಲ, ಮನೆಗೆ ಹೋಗಿ ಬರುವುದೂ ಇಲ್ಲ.

ಈ ಜನವರಿಯ ಕತೆ ಬೇರೆ. ಕ್ರಿಸ್‌ಮಸ್ ಕಳೆದು ಕೊಳ ಹೆಪ್ಪುಗಟ್ಟಿದ ಮೇಲೆ ಹೆಬ್ಬಾತುಗಳು ಬೀಳತೊಡಗಿದವು. ಕೆಲವು ಒಂದೇ ಕಡೆ ಗಿರಗಿರ ಸುತ್ತಿ, ಕತ್ತು ಹಿಂದಕ್ಕೆ ತಿರುಚಿಕೊಂಡು ಸತ್ತವು. ಅವುಗಳನ್ನು ತಿಂದ ರಣಹದ್ದುಗಳು ಸತ್ತವು. ಆಮೇಲೆ ಕಾಗೆಗಳು.

"ಮೊದಲ್ನೇ ಕಾಗೆ ಆ ಮರದ ಕೆಳಗೇ ಬಿದ್ದಿತ್ತು. ಅದನ್ನ ಎತ್ತೋಕೆ ಮುಂಚೆ ಎರಡು ಸಲ ಚೀಲ ಕೆಳಗಿಟ್ಟೆ. ಹೆಬ್ಬಾತು ಎಷ್ಟು ಎತ್ತಿದ್ದೀನೋ ಲೆಕ್ಕ ಇಲ್ಲ, ಹಾಗೆ ಯಾವತ್ತೂ ಮಾಡಿರ್ಲಿಲ್ಲ. ಇದು ಕನು ತಿಂದಿದ್ದ ಕಾಗೆನೇ ಇರ್ಬಹುದಲ್ವಾ ಅನ್ನಿಸ್ಬಿಡ್ತು."

ಅನ್ನ ಹಾಕಿದರೆ ಹಕ್ಕಿಗಳೆಲ್ಲ ಒಂದೇ ಕಡೆ ಮುಗಿಬೀಳುತ್ತವೆ. ಕಾಯಿಲೆಯವು, ಕಾಯಿಲೆ ಇಲ್ಲದವು, ಎಲ್ಲ ಒಂದೇ ಎಲೆಯಲ್ಲಿ. ಈ ಸಲ ಯಾರಿಗೂ ಯಾವ ಕಾರಣಕ್ಕೂ ಬಿಡಬೇಡಿ ಎಂದು ಮೇಲಿನವರು ಹೇಳಿದ್ದರು. ಅವರು ಹೇಳದಿದ್ದರೂ ಬಿಡುತ್ತಿರಲಿಲ್ಲ, ಎನ್ನುತ್ತಾರೆ ಕನೀಜ್. ಆದರೆ ಅಲಮೇಲು ಅವರ ನಂಬರ್ ಅವರ ಬಳಿ ಇರಲಿಲ್ಲ. ಮೊದಲೇ ತಿಳಿಸಲು ಆಗಲಿಲ್ಲ.

ಕನುವಿನ ಬೆಳಗ್ಗೆ ಬೂದು ಬಣ್ಣದ ಕಾರು ಬಂದು ನಿಂತಿತು. ಅಲಮೇಲು ಇಳಿದರು. ಕೈಯಲ್ಲಿ ಸ್ಟೀಲ್ ತಟ್ಟೆ, ಮೇಲೆ ಅಲ್ಯೂಮಿನಿಯಂ ಹಾಳೆ ಮುಚ್ಚಿದೆ. ಮುಖ ಊದಿಕೊಂಡಿತ್ತು. ತ್ಯಾಗರಾಜ ಮೈಸೂರಿನಲ್ಲಿ ಆಸ್ಪತ್ರೆ ಸೇರಿದ್ದರು, ಐಸಿಯುನಲ್ಲಿದ್ದರು. ಹೊರಟುಬಿಡೋಣವೆಂದರೆ ತಿರುಗಿ ಬರಲು ವೀಸಾ ಸ್ಟ್ಯಾಂಪಿಂಗ್ ಸಿಗದೆ ಅಲ್ಲೇ ಸಿಕ್ಕಿಹಾಕಿಕೊಂಡರೆ ಇಲ್ಲಿಯ ಕೆಲಸ, ಮನೆ, ಮಕ್ಕಳ ಶಾಲೆ ಎಲ್ಲ ಹೋಯಿತು. ಅಣ್ಣನಿಗಾಗಿ ಅವರ ಕೈಲಿ ಮಾಡಲು ಉಳಿದಿದ್ದದ್ದು ಆ ತಟ್ಟೆಯಲ್ಲಿದ್ದದ್ದು ಮಾತ್ರ. ಅಂದು ನಾನು ಅಲ್ಲಿರಲಿಲ್ಲ. ಕನೀಜ್ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

"ನಾನು ಅಡ್ಡ ನಿಂತ್ಕೊಂಡೆ. ಈ ಸಲ ಆಗಲ್ಲ ಅಲಮೇಲು ಅವ್ರೇ, ಅಂದೆ. 'ಒಂದೇ ಒಂದು ಉಂಡೆ ಇಟ್ಟು ಹೋಗ್ತೀನಿ ಕನೀಜ್' ಅಂದ್ರು. ಕಾಗೆಗೇ ಹುಷಾರಿಲ್ಲ, ಇವತ್ತು ನೀವು ಅವಕ್ಕೋಸ್ಕರ ಬೇಡ್ಕೊಳ್ಳಿ, ಅಂದೆ. ಅದಕ್ಕೆ ಅವ್ರು... ಏನ್ ಅಂದ್ರು ಗೊತ್ತಾ, 'ನಿಮ್ಮ ಅಣ್ಣ ಹಾಗೆ ಮಲಗಿದ್ದಿದ್ರೆ ಹೀಗೇ ಹೇಳ್ತಿದ್ರಾ?' ಅಂದ್ರು."

ಕನೀಜ್ ಬಕೆಟ್ಟಿನಿಂದ ಒಂದು ಹಿಡಿ ಉಪ್ಪು ತೆಗೆದು ಹಾದಿಗೆ ಎರಚುತ್ತಾರೆ.

"ನಾನು ಪಕ್ಕಕ್ಕೆ ಸರೀಲಿಲ್ಲ. ಅವರು ತಟ್ಟೆ ತಗೊಂಡು ಕಾರಿಗೆ ಹೋದ್ರು. ಅನ್ನ ಪಕ್ಕದ ಸೀಟಲ್ಲಿಟ್ರು. ಪಾಪ, ಮಗೂಗೆ ಹಾಕೋ ಹಾಗೆ ಸೀಟ್ ಬೆಲ್ಟ್ ಹಾಕಿದ್ರು, ಚೆಲ್ಲಬಾರ್ದು ಅಂತ. ನೋಡ್ತಾ ನಿಂತಿದ್ದೆ. ಅವ್ರು ಹೋದ ಮೇಲೆ ಗಾಡೀಲಿ ಕೂತು ಮೈಸೂರಿಗೆ ನಮ್ಮಣ್ಣಂಗೆ ಫೋನ್ ಮಾಡಿದೆ. 'ಏನಮ್ಮಾ ಇಷ್ಟೊತ್ತಲ್ಲಿ' ಅಂದ. ಏನಿಲ್ಲ, ಸುಮ್ನೆ, ಅಂದೆ."

ಮರುವಾರ ಸ್ಟರ್ಲಿಂಗಿನ ಇಂಡಿಯನ್ ಸ್ಟೋರಿನಲ್ಲಿ ಯಾರೋ ಹೇಳಿದ್ದು ಕಿವಿಗೆ ಬಿತ್ತು. ತ್ಯಾಗರಾಜ ಹೋಗಿಬಿಟ್ಟರಂತೆ. ಕನೀಜ್ ಕೊಳ್ಳಲು ಬಂದಿದ್ದ ಸಾಮಾನನ್ನು ಅಲ್ಲೇ ಬಿಟ್ಟು ಮನೆಗೆ ಬಂದರು. ಸತ್ತಾರ್ ಸಮಾಧಾನ ಹೇಳಿದರು, ಕಾಗೆ ಅನ್ನ ತಿಂದಿದ್ದರೂ ಆಗುವುದು ಆಗುತ್ತಿತ್ತು, ನೀನು ಮಾಡಿದ್ದು ಸರಿ, ಎಂದು. ಸರಿ ಎಂಬುದು ಕನೀಜ್‌ಗೂ ಗೊತ್ತು. ಅದರಿಂದ ಅವರಿಗೆ ನಿದ್ದೆಯೇನೂ ಬಂದಿಲ್ಲ.

"ತಪ್ಪು ಮಾಡಿದ್ರೆ ಹೋಗಿ ಕ್ಷಮಿಸಿ ಅಂತ ಕೇಳ್ಬಹುದು. ಸರಿ ಮಾಡಿದ್ದಕ್ಕೆ ಹೇಗಮ್ಮಾ ಕೇಳೋದು?" ಎಂದು ನನ್ನನ್ನೇ ಕೇಳಿದರು. ಪತ್ರಿಕೆಗೆ ಬರೆಯುವವರಿಗೆ ಎಲ್ಲಕ್ಕೂ ಉತ್ತರ ಗೊತ್ತಿರುತ್ತದೆ ಎಂದು ಜನ ಯಾಕಾದರೂ ಅಂದುಕೊಳ್ಳುತ್ತಾರೋ. ಉಪ್ಪಿನ ಬಕೆಟ್ಟಿಗೆ ಒಂದು ಕೈ ಕೊಟ್ಟು ಅವರ ಜೊತೆ ನಡೆದೆ.

ಪಾರ್ಕಿಂಗ್ ಲಾಟಿನ ಕಡೆ ಅವರು ಯಾಕೆ ತಿರುಗಿ ನೋಡುತ್ತಾರೆಂದು ಆಗ ಗೊತ್ತಾಯಿತು. ಬೂದು ಬಣ್ಣದ ಕಾರುಗಳು ಈ ಊರಿನಲ್ಲಿ ಬೇಕಾದಷ್ಟಿವೆ. ಪ್ರತಿಯೊಂದಕ್ಕೂ ಕನೀಜ್ ಒಂದು ಕ್ಷಣ ನಿಲ್ಲುತ್ತಾರೆ. ಯಾರೋ ನಾಯಿ ಹಿಡಿದುಕೊಂಡು ಇಳಿಯುತ್ತಾರೆ. ಕನೀಜ್ ಮತ್ತೆ ಉಪ್ಪಿನ ಬಕೆಟ್ ಎತ್ತಿಕೊಳ್ಳುತ್ತಾರೆ.

ಹೊರಡುವಾಗ, ಇಂಥ ಲೇಖನಗಳಲ್ಲಿ ಕೇಳಲೇಬೇಕಾದ ಪ್ರಶ್ನೆ ಕೇಳಿದೆ: ಏನು ಆಸೆ ಆಂಟಿ? ಅವರು ಮಾಸ್ಕ್ ಇಳಿಸಿ ಮೂಗೊರೆಸಿಕೊಂಡರು.

"ಬೂಟು ಒಣಗಿರ್ಬೇಕು," ಎಂದರು ಮೊದಲು. ಆಮೇಲೆ, "ಒಂದು ದಿನ, ಒಂದೇ ದಿನ, ಆ ಕ್ಯಾಮೆರಾದವ್ರು ನೋಡ್ತಾರಲ್ಲ, ಹಾಗೆ ನೋಡ್ಬೇಕು. ಎಲ್ಲಾ ಹಕ್ಕಿನೂ ಚೆನ್ನಾಗಿರತ್ತೆ ಅಂತ ಅಂದ್ಕೊಂಡು."

ಲೇಖನ ಅಲ್ಲಿಗೆ ಮುಗಿಸಬಹುದಿತ್ತು. ಬರೆದೂ ಇಟ್ಟಿದ್ದೆ. ಫೋಟೋ ಸರಿಯಾಗಿ ಬಂದಿಲ್ಲ, ಕಿತ್ತಳೆ ಜಾಕೆಟ್ ಬಿಟ್ಟು ಏನೂ ಕಾಣುತ್ತಿಲ್ಲ ಎಂದು ಸಂಪಾದಕರು ಗೊಣಗಿದ್ದಕ್ಕೆ ಫೆಬ್ರವರಿಯ ಕೊನೆಯಲ್ಲಿ ಮತ್ತೊಮ್ಮೆ ಹೋಗಬೇಕಾಯಿತು. ಬೈದುಕೊಂಡೇ ಹೋದೆ.

ಚಳಿ ಹಾಗೇ ಇದೆ. ಕೊಳದ ನಡುವಿನ ನೀರು ಮಾತ್ರ ಸ್ವಲ್ಪ ಅಗಲವಾಗಿದೆ. ಕನೀಜ್ ಇನ್ನೂ ಸೊರಗಿದ್ದಾರೆ. ಸುತ್ತು ಮುಗಿಸಿ ಸಿಕಮೋರ್ ಮರದ ಕೆಳಗೆ ನಿಂತು, ಬರಿದಾದ ಕೊಂಬೆಗಳನ್ನು ಒಂದೊಂದಾಗಿ ನೋಡುತ್ತಿದ್ದಾರೆ. ಮೇಲೆ ಐದಾರು ಕಾಗೆಗಳು ಗಲಾಟೆ ಮಾಡುತ್ತಿವೆ. ನಾನು ಕ್ಯಾಮೆರಾ ಸರಿಮಾಡಿಕೊಳ್ಳುತ್ತಿದ್ದೇನೆ. ಹಿಂದೆ ಕಾರಿನ ಬಾಗಿಲು ಹಾಕಿದ ಸದ್ದಾಗುತ್ತದೆ.

ಕನೀಜ್ ತಿರುಗುತ್ತಾರೆ. ಈ ಸಲ ನಾಯಿ ಇಳಿಯುವುದಿಲ್ಲ.

ಅಲಮೇಲು ನಿಧಾನ ನಡೆದು ಬರುತ್ತಾರೆ. ಕೈ ಖಾಲಿ. ಇಬ್ಬರ ನಡುವೆ ಮೇಜು ಇದೆ. ನಾನು ಕ್ಯಾಮೆರಾ ಕೆಳಗಿಳಿಸಿ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

"ಕೇಳ್ದೆ," ಎನ್ನುತ್ತಾರೆ ಕನೀಜ್. "ಸ್ಟೋರಲ್ಲಿ ಹೇಳಿದ್ರು. ಬರೋಣ ಅಂದ್ಕೊಂಡೆ. ಯಾವ ಮುಖ ಇಟ್ಕೊಂಡು ಬರ್ಲಿ ಅಂತ..."

"ಹತ್ತನೇ ದಿನ ಮೈಸೂರಲ್ಲಿ ಪಿಂಡ ಇಟ್ರು. ವಿಡಿಯೋ ಕಾಲ್‌ನಲ್ಲಿ ತೋರಿಸಿದ್ರು," ಎನ್ನುತ್ತಾರೆ ಅಲಮೇಲು. "ಇಡ್ತಿದ್ದ ಹಾಗೇ ಕಾಗೆ ಬಂತು ಕನೀಜ್. ಎಲ್ಲರೂ ಅಳ್ತಿದ್ರು. ನಾನು ಆ ಕಾಗೆ ಸರಿಯಾಗಿ ನಿಂತಿದ್ಯಾ, ಕತ್ತು ನೆಟ್ಟಗಿದ್ಯಾ ಅಂತ ನೋಡ್ತಿದ್ದೆ. ನಿಮ್ಮ ಥರಾನೇ."

ಕನೀಜ್ ಗ್ಲೌಸ್ ಹಾಕಿದ ಕೈಯಲ್ಲೇ ಕಣ್ಣೊರೆಸಿಕೊಳ್ಳಲು ಹೋಗಿ, ನೆನಪಾಗಿ, ಕೈ ಕೆಳಗಿಳಿಸುತ್ತಾರೆ. ಅಲಮೇಲು ತಮ್ಮ ಶಾಲಿನ ತುದಿಯಿಂದ ಅವರ ಕಣ್ಣು ಒರೆಸುತ್ತಾರೆ.

"ಆ ದಿನದ ಅನ್ನ?" ಕನೀಜ್ ಕೇಳುತ್ತಾರೆ.

"ಫ್ರೀಜರ್‌ನಲ್ಲಿದೆ. ತೆಗೆಯೋಕೂ ಆಗ್ತಿಲ್ಲ, ಬಿಸಾಡೋಕೂ ಆಗ್ತಿಲ್ಲ."

"ಇರ್ಲಿ ಬಿಡಿ. ಅಲ್ಲೇ ಇರ್ಲಿ."

ಕಾಗೆಯೊಂದು ಕೊಂಬೆಯಿಂದ ಕೊಂಬೆಗೆ ಹಾರಿ, ಕೆಳಗೆ ಬಗ್ಗಿ ಇವರನ್ನು ನೋಡಿ ಗದರುತ್ತದೆ. ಅಲಮೇಲು ತಲೆಯೆತ್ತುತ್ತಾರೆ. "ಹೇಗಿವೆ ಇವು?" ಎಂದು ಕೇಳುತ್ತಾರೆ. ಮನೆಯವರ ಆರೋಗ್ಯ ವಿಚಾರಿಸುವ ದನಿ.

ಕನೀಜ್ ಮೊದಲು ಮರದ ಕೆಳಗೆ, ಆಮೇಲೆ ಮೇಲೆ, ಕೊಂಬೆ ಕೊಂಬೆಯನ್ನೂ ಇನ್ನೊಂದು ಸಲ ನೋಡಿ, ಮಾಸ್ಕ್ ಕೆಳಗೆಳೆಯುತ್ತಾರೆ. ಅವರ ಇಡೀ ಮುಖ ಆ ಬೆಳಗ್ಗೆ ನನಗೆ ಮೊದಲ ಸಲ ಕಾಣುತ್ತದೆ. ನಾನು ಫೋಟೋ ತೆಗೆಯುವುದು ಮರೆತುಬಿಡುತ್ತೇನೆ.

"ಇವತ್ತು ಒಂದೂ ಬಿದ್ದಿಲ್ಲ ಅಲಮೇಲು ಅವ್ರೇ."